ಹಾಸನಕ್ಕೆ ಸಾಲುವ ಜಾಗ ಚಿಕ್ಕಮಗಳೂರಿಗೆ ಸಾಲದು: ಗ್ರಾಫಿಕ್ ಡಿಸೈನ್ ಸೆಮಿಸ್ಟರ್ ಕೆಲಸವನ್ನು ತಿರುಗಿ ನೋಡಲು ಒಂದು ಟಿಪ್ಪಣಿ

ಹಾಸನ ಎಂದು ಟೈಪ್ ಮಾಡಿ. ಅದರ ಕೆಳಗೆ ಚಿಕ್ಕಮಗಳೂರು ಎಂದು ಟೈಪ್ ಮಾಡಿ. ಫಾಂಟ್ ಒಂದೇ ಇರಲಿ, ಅಳತೆ 48 ಪಾಯಿಂಟ್ ಇರಲಿ. ಎರಡೂ ಪದಗಳ ಸುತ್ತ ಅಕ್ಷರಕ್ಕೆ ತಾಗುವಂತೆ ಒಂದೊಂದು ಚೌಕಟ್ಟು ಎಳೆಯಿರಿ. ಹಾಸನದ ಚೌಕಟ್ಟು ಗಿಡ್ಡ. ಮೂರೇ ಅಕ್ಷರ, ಒತ್ತಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ತಲೆಕಟ್ಟಿನಿಂದ ಪಾದದವರೆಗೆ ಒಂದೇ ಪಟ್ಟಿಯಲ್ಲಿ ಕೂತುಬಿಡುತ್ತದೆ. ಚಿಕ್ಕಮಗಳೂರಿನಲ್ಲಿ ಚಿ ಮೇಲೆ ಗುಡಿಸು ಏರುತ್ತದೆ, ಕ್ಕ ಕೆಳಗೆ ಒತ್ತು ಇಳಿಯುತ್ತದೆ, ಳೂ ಮತ್ತು ರು ಬಲಕ್ಕೆ ಚಾಚುತ್ತವೆ. ಇದರ ಚೌಕಟ್ಟು ಮೊದಲನೆಯದರ ಒಂದೂವರೆ ಪಟ್ಟು ಎತ್ತರ ದಾಟುವುದು ಸಾಮಾನ್ಯ.

ಸೆಮಿಸ್ಟರ್ ಮುಗಿಯುವಾಗ ನಮ್ಮ ಕೆಲಸವನ್ನು ನಾವೇ ಪರೀಕ್ಷಿಸಲು ಈ ಎರಡು ಪದಗಳಿಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಬಣ್ಣ, ಗ್ರಿಡ್, ಫೋಟೋ ಎಲ್ಲ ಚೆನ್ನಾಗಿದ್ದು ಕನ್ನಡ ಮಾತ್ರ ಇಕ್ಕಟ್ಟಾಗಿ ಕಾಣುತ್ತಿದ್ದರೆ ಕಾರಣ ಹೆಚ್ಚಾಗಿ ಒಂದೇ: ಇಂಗ್ಲಿಷ್ ಅಕ್ಷರಕ್ಕೆ ಮೊದಲು ಜಾಗ ಕಟ್ಟಿ, ಆಮೇಲೆ ಅದರೊಳಗೆ ಕನ್ನಡವನ್ನು ತುರುಕಲಾಗಿದೆ. ಒತ್ತಕ್ಷರಕ್ಕೆ ಜಾಗವನ್ನು ಮೊದಲೇ ಇಟ್ಟಿದ್ದೇವೆಯೋ, ಕೊನೆಗೆ ಹುಡುಕಿದ್ದೇವೆಯೋ ಎಂದು ಪ್ರತಿ ಅಸೈನ್‌ಮೆಂಟಿಗೂ ಕೇಳಿಕೊಳ್ಳಬೇಕು. ಜೂನ್ ತಿಂಗಳ ಕೆಲಸಕ್ಕೂ ನವೆಂಬರ್ ತಿಂಗಳ ಕೆಲಸಕ್ಕೂ ಇರುವ ನಿಜವಾದ ವ್ಯತ್ಯಾಸ ಅಲ್ಲೇ ಸಿಗುತ್ತದೆ.

ಹೊಸ ಫಾಂಟ್ ಕೈಗೆ ಸಿಕ್ಕಾಗ ಈ ಎರಡು ಜಿಲ್ಲೆಗಳ ತಾಲೂಕುಗಳ ಹೆಸರನ್ನು ಒಂದರ ಕೆಳಗೊಂದು ಹಾಕಿ ನೋಡಿ. ಕಳಸ ಸಲೀಸು. ಚನ್ನರಾಯಪಟ್ಟಣದಲ್ಲಿ ನ್ನ, ಟ್ಟ ಎರಡು ಒತ್ತುಗಳಿವೆ, ಪದವೂ ಉದ್ದ. ಶೃಂಗೇರಿಯಲ್ಲಿ ವಟ್ರಸುಳಿ ಕೆಳಗೆ ಇಳಿದರೆ ಪಕ್ಕದಲ್ಲೇ ಸೊನ್ನೆ ನಿಂತಿದೆ. ಅಜ್ಜಂಪುರ, ಸಕಲೇಶಪುರಗಳಲ್ಲಿ ಪು ನೋಡಿ: ಬಹುತೇಕ ಅಕ್ಷರಗಳಿಗೆ ಕೊಂಬು ಬಲಬದಿಗೆ ಅಂಟಿಕೊಂಡರೆ ಪು, ವುಗಳಿಗೆ ಬುಡದಿಂದ ಸುತ್ತಿ ಬರುತ್ತದೆ. ವು ಮತ್ತು ಮ ಬೇರೆಯಾಗುವುದೇ ಈ ಒಂದು ತಿರುವಿನಿಂದ. ಸಣ್ಣ ಅಳತೆಯಲ್ಲಿ ಈ ತಿರುವು ಕಾಣದ ಫಾಂಟನ್ನು ಲೇಬಲ್ಲಿನ ಹಿಂಬದಿಯ ಬರಹಕ್ಕೆ ಬಳಸಬಾರದು. ತಾಲೂಕುಗಳು ಮುಗಿದ ಮೇಲೆ ರಾಷ್ಟ್ರ, ಶಾಸ್ತ್ರ, ಸ್ತ್ರೀ ಎಂಬ ಮೂರು ಪದ ಹಾಕಿ. ಇವುಗಳಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತು. ಕೆಲವು ಫಾಂಟ್ ಎರಡನೆಯ ಒತ್ತನ್ನು ಪಕ್ಕಕ್ಕೆ ಇಡುತ್ತವೆ, ಕೆಲವು ಇನ್ನೂ ಕೆಳಕ್ಕೆ ತಳ್ಳುತ್ತವೆ. ನಿಮ್ಮ ಸಾಲುಗಳ ನಡುವಿನ ಅಂತರವನ್ನು ನಿರ್ಧರಿಸುವುದು ಈ ಪದಗಳೇ.

ಒತ್ತಕ್ಷರ ಕೆಳಕ್ಕೆ ಪೇರಿಕೊಳ್ಳುವ ಈ ಗುಣ ಇಂದಿನದಲ್ಲ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಶಾಸನದಲ್ಲೂ ಅಕ್ಷರದ ಬುಡದಲ್ಲೇ ಅಕ್ಷರ ಕೂತಿದೆ. ಹಾಗಾಗಿ ಕೆಳಗಿನ ಜಾಗವನ್ನು ಖಾಲಿ ಎಂದು ಎಣಿಸದೆ ಅಕ್ಷರದ ಭಾಗವೆಂದೇ ಎಣಿಸಿ ಗ್ರಿಡ್ ಹಾಕಬೇಕು. ಮೂರು ಪಟ್ಟಿ ಎಳೆದುಕೊಳ್ಳಿ: ಮೇಲೆ ಗುಡಿಸು, ಏತ್ವಗಳದ್ದು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬುಡದಲ್ಲಿ ಆನೆಗೊಂದು ಪಟ್ಟಿ, ಅದರ ಮೇಲೆ ಸಿಂಹಕ್ಕೊಂದು, ಬಳ್ಳಿಗೊಂದು, ಕುದುರೆ ಸವಾರರಿಗೊಂದು ಎಂದು ಜಾಗ ಮೊದಲೇ ಹಂಚಿಕೆಯಾಗಿದೆ. ಒಂದರ ಜಾಗಕ್ಕೆ ಇನ್ನೊಂದು ನುಗ್ಗುವುದಿಲ್ಲ. ಪ್ಯಾಟರ್ನ್ ಅಭ್ಯಾಸಕ್ಕೆ ಅಲ್ಲಿಗೆ ಹೋಗುವವರು ಬಳ್ಳಿಯ ಸುರುಳಿಯ ಜೊತೆ ಈ ಹಂಚಿಕೆಯನ್ನೂ ಸ್ಕೆಚ್‌ಬುಕ್ಕಿಗೆ ಇಳಿಸಿಕೊಳ್ಳಲಿ. (ಅಲ್ಲಿ ತೆಗೆದ ಫೋಟೋವನ್ನು, ತಾನಾಗಿ ಗೆರೆಚಿತ್ರ ಮಾಡುವ ಇಮೇಜ್ ಟ್ರೇಸ್‌ಗೆ ಹಾಕಬೇಡಿ. ಕಲ್ಲಿನ ಒರಟು, ನೆರಳು ಎಲ್ಲ ಸೇರಿ ಸಾವಿರಾರು ನೋಡ್, ಅಂದರೆ ಗೆರೆ ಹಿಡಿದಿಡುವ ಬಿಂದುಗಳು, ಹುಟ್ಟುತ್ತವೆ, ತಿದ್ದಲು ಬರುವುದಿಲ್ಲ. ಪೆನ್ ಟೂಲ್ ಹಿಡಿದು, ತಿರುವಿನ ತುತ್ತತುದಿಗಳಲ್ಲಿ ಮಾತ್ರ ನೋಡ್ ಇಟ್ಟು ಎಳೆದರೆ ಒಂದು ಸುರುಳಿ ಹತ್ತಿಪ್ಪತ್ತು ನೋಡ್‌ಗಳಲ್ಲಿ ಮುಗಿಯುತ್ತದೆ.)

ಸಾಲಿನ ಅಂತರ

ಇಲಸ್ಟ್ರೇಟರ್, ಇನ್‌ಡಿಸೈನ್ ಎರಡರಲ್ಲೂ ಆಟೋ ಲೀಡಿಂಗ್, ಅಂದರೆ ತಾನಾಗಿ ಬರುವ ಸಾಲಿನ ಅಂತರ, ಅಕ್ಷರದ ಅಳತೆಯ 120 ಪ್ರತಿಶತ. 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಇಂಗ್ಲಿಷಿಗೆ ಅದು ಸರಿಹೋಗುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. 10 ಪಾಯಿಂಟ್‌ಗೆ 15 ಅಥವಾ 16 ಇಟ್ಟು ಶುರು ಮಾಡಿ, ಪ್ರಿಂಟ್ ತೆಗೆದು ನೋಡಿ ಆಮೇಲೆ ಇಳಿಸಿ. ಶೀರ್ಷಿಕೆ ಎರಡು ಸಾಲಿನದಾದರೆ ಲೆಕ್ಕ ಬೇರೆ. ಮೇಲಿನ ಸಾಲಿನಲ್ಲಿ ಒತ್ತೇ ಇಲ್ಲದಿದ್ದರೆ ಅಂತರ ಬಿಗಿ ಮಾಡಬಹುದು, ಮಾಡಲೇಬೇಕು. ಇಲ್ಲವಾದರೆ ನಡುವೆ ಬಿಳಿ ಗೆರೆ ಎಳೆದಂತೆ ಕಾಣುತ್ತದೆ. ಶೀರ್ಷಿಕೆಯನ್ನು ಪ್ರತಿ ಸಲವೂ ಕಣ್ಣಿನಿಂದಲೇ ಕೂರಿಸಬೇಕು.

ಎರಡೂ ಬದಿ ಸಮ ಮಾಡುವ ಜಸ್ಟಿಫೈ ಆಯ್ಕೆ ಕನ್ನಡದ ಕಿರಿದಾದ ಕಾಲಮ್ಮಿಗೆ ಒಗ್ಗುವುದಿಲ್ಲ. ನಮ್ಮ ಪದಗಳಿಗೆ ಪ್ರತ್ಯಯ ಅಂಟಿ ಉದ್ದವಾಗುತ್ತವೆ. ‘ಚನ್ನರಾಯಪಟ್ಟಣದಲ್ಲಿರುವ’ ಎಂಬ ಒಂದು ಪದವೇ 6 ಸೆಂ.ಮೀ. ಕಾಲಮ್ಮಿನ ಅರ್ಧಕ್ಕಿಂತ ಹೆಚ್ಚು ನುಂಗಬಹುದು, ಉಳಿದ ಎರಡು ಪದಗಳ ನಡುವೆ ಹಳ್ಳ ಬೀಳುತ್ತದೆ. ಎಡಕ್ಕೆ ಸಮ ಮಾಡಿ, ಬಲಗಡೆ ಏರುಪೇರಾಗಿ ಬಿಡಿ.

ಟ್ರ್ಯಾಕಿಂಗ್ ಹೆಚ್ಚಿಸಿ ಅಕ್ಷರ ಬಿಡಿಸುವ ಅಭ್ಯಾಸ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಿಂದ ಬಂದದ್ದು. ಕನ್ನಡದಲ್ಲಿ ಹಾಗೆ ಮಾಡಿದರೆ ದೀರ್ಘ, ಕೊಂಬುಗಳು ತಮ್ಮ ಅಕ್ಷರದಿಂದ ಕಳಚಿಕೊಂಡ ಹಾಗೆ ಕಾಣುತ್ತವೆ. ಇನ್ನು ಜಾಗ ಸಾಲದೆಂದು ಅಕ್ಷರವನ್ನು ಅಡ್ಡಡ್ಡ 70 ಪ್ರತಿಶತಕ್ಕೆ ಒತ್ತುವುದು. ಆಗ ನಿಂತ ಗೆರೆಗಳು ತೆಳುವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ದಪ್ಪ ಇರುತ್ತವೆ. ತಲೆಕಟ್ಟೆಲ್ಲ ಭಾರವಾಗಿ ಮೈ ಸೊರಗುತ್ತದೆ. ಅಗಲ ಕಡಿಮೆ ಬೇಕಿದ್ದರೆ ಅನೇಕ್ ಕನ್ನಡದಂಥ ವೇರಿಯಬಲ್ ಫಾಂಟ್ ತೆಗೆದುಕೊಳ್ಳಿ. ಅದರಲ್ಲಿ ಅಗಲಕ್ಕೇ ಪ್ರತ್ಯೇಕ ಅಕ್ಷ ಇದೆ, ಕಿರಿದು ಮಾಡಿದರೂ ಗೆರೆಯ ದಪ್ಪ ಹದವಾಗಿ ಉಳಿಯುತ್ತದೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ 2 ಇವೆಲ್ಲ ಉಚಿತವಾಗಿ ಸಿಗುತ್ತವೆ, ವಾಣಿಜ್ಯ ಕೆಲಸಕ್ಕೂ ಬಳಸಬಹುದು. ತಿರೋ ಕನ್ನಡ ಓದುವ ಬರಹಕ್ಕೆ ಚೆನ್ನ. ಬಾಲೂ ತಮ್ಮ ದುಂಡಗೆ ದಪ್ಪಗಿದ್ದು ಶೀರ್ಷಿಕೆಗೆ ಸರಿ, ಪ್ಯಾರಾ ತುಂಬ ಹಾಕಿದರೆ ಕಣ್ಣಿಗೆ ಭಾರ.

ಒತ್ತು ಬಿಡಿಬಿಡಿಯಾಗಿ ಬಂದರೆ

ಕ್ಕ ಎಂದು ಟೈಪ್ ಮಾಡಿದರೆ ಕ್ ಮತ್ತು ಕ ಬೇರೆಬೇರೆಯಾಗಿ ಕಂಡರೆ ಫಾಂಟಿನ ತಪ್ಪಲ್ಲ, ಸಾಫ್ಟ್‌ವೇರ್ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯನ್ನು ಆನ್ ಮಾಡಿಕೊಂಡಿಲ್ಲ. ಫೋಟೋಶಾಪ್‌ನಲ್ಲಿ ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಇದೆ. ಇಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸಸ್‌ನ ಇಂಡಿಕ್ ಆಯ್ಕೆಗಳನ್ನು ಮೊದಲು ಆನ್ ಮಾಡಬೇಕು. ಇಂಕ್‌ಸ್ಕೇಪ್‌ನಲ್ಲಿ ಇದಾವುದೂ ಬೇಕಿಲ್ಲ, ಕನ್ನಡ ನೇರವಾಗಿ ಕೂಡಿಕೊಳ್ಳುತ್ತದೆ.

ಇನ್ನೊಂದು ತೊಡಕು ಅರ್ಕಾವೊತ್ತಿನದು. ರ‍್ಯಾಂಕ್ ಎಂದು ಬರೆಯಲು ಹೊರಟರೆ ರ್ಯಾಂಕ್ ಎಂದು ಬರುತ್ತದೆ. ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು, ಅಂದರೆ ಜೀರೋ ವಿಡ್ತ್ ಜಾಯ್ನರ್ ಅನ್ನು, ಸೇರಿಸಿದಾಗ ಮಾತ್ರ ರ ಮುಂದೆ ನಿಂತು ಯ ಒತ್ತಾಗುತ್ತದೆ. ಗೊತ್ತಿಲ್ಲದವರು ಒತ್ತನ್ನು ಬೇರೆ ಪಠ್ಯವಾಗಿ ತಂದು ಅಂಟಿಸಿ ಕೂರಿಸುತ್ತಾರೆ. ಅಳತೆ ಬದಲಾದ ಕೂಡಲೇ ಅದು ಜಾರಿಹೋಗುತ್ತದೆ.

ಊರಿನ ಡಿಟಿಪಿ, ಪ್ರಿಂಟಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಕೋರೆಲ್‌ಡ್ರಾ ಹಳೆಯ ಆವೃತ್ತಿ, ಅದರಲ್ಲಿ ನುಡಿಯ ಆಸ್ಕಿ ಫಾಂಟುಗಳು ಸಾಮಾನ್ಯ. ಅವರ ಕೈ ಅದರಲ್ಲಿ ಪಳಗಿದೆ, ಕೆಲಸ ಬೇಗ ಆಗುತ್ತದೆ. ಆದರೆ ಆಸ್ಕಿಯಲ್ಲಿ ಕನ್ನಡ ಅಕ್ಷರದ ಚಿತ್ರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿಹ್ನೆಗಳ ರಾಶಿ ಕಾಣುತ್ತದೆ. ನಾವು ಕಳಿಸುವ ಯೂನಿಕೋಡ್ ಫೈಲ್ ಅವರ ಹಳೆಯ ಆವೃತ್ತಿಯಲ್ಲಿ ಒತ್ತು ಕಳಚಿಕೊಂಡು ತೆರೆಯುತ್ತದೆ. ಎರಡಕ್ಕೂ ಪರಿಹಾರ ಒಂದೇ: ಪಠ್ಯವನ್ನು ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ, ಪಿಡಿಎಫ್ ಕಳಿಸುವುದು. ಇಲಸ್ಟ್ರೇಟರ್‌ನಲ್ಲಿ ಕ್ರಿಯೇಟ್ ಔಟ್‌ಲೈನ್ಸ್, ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ. ಕರ್ವ್ಸ್ ಮಾಡುವ ಮೊದಲು ತಿದ್ದಲು ಬರುವ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯವಾದರೆ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ಓದಿ. ತಪ್ಪು ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ.

ಕಾಫಿ ಪುಡಿ ಲೇಬಲ್: ಒಂದೇ ಅಸೈನ್‌ಮೆಂಟಿನಲ್ಲಿ ಎಲ್ಲ ಪಾಠ

ಈ ಭಾಗದಲ್ಲಿ ಪ್ಯಾಕೇಜಿಂಗ್ ಎಂದರೆ ಕಾಫಿ ಪುಡಿ ಮೊದಲು ನೆನಪಾಗುತ್ತದೆ. 200 ಗ್ರಾಂ ಪೌಚ್‌ಗೆ ಸ್ಟಿಕರ್ ಲೇಬಲ್ ಎಂದಿಟ್ಟುಕೊಳ್ಳಿ. ಮೊದಲ ಕೆಲಸ ಖಾಲಿ ಪೌಚ್ ತಂದು ಅದರಲ್ಲಿ 200 ಗ್ರಾಂ ಪುಡಿ ತುಂಬಿಸುವುದು. ತುಂಬಿದಾಗ ಪೌಚ್ ಉಬ್ಬಿ ಮುಂದಿನ ಸಮತಟ್ಟು ಭಾಗ ಕಿರಿದಾಗುತ್ತದೆ. ಖಾಲಿ ಪೌಚ್ ಅಳೆದು ಮಾಡಿದ ಲೇಬಲ್ಲಿನ ಅಂಚು ಉಬ್ಬಿನ ಮೇಲೆ ಸುಕ್ಕುಗಟ್ಟಿ ಏಳುತ್ತದೆ.

ಅಳತೆ 90 × 120 ಮಿ.ಮೀ. ಅಂತ ಅಂದಾಜಿಸಿದಿರಿ. ನಾಲ್ಕೂ ಬದಿ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೆ ಚಾಚುವ ಬಣ್ಣ, ಸೇರಿಸಿದರೆ 96 × 126. ಡಿಜಿಟಲ್ ಪ್ರಿಂಟ್ ಅಂಗಡಿಯ 12 × 18 ಇಂಚಿನ ಶೀಟ್ ಎಂದರೆ ಸುಮಾರು 305 × 457 ಮಿ.ಮೀ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು 9 ಲೇಬಲ್ ಕೂರುತ್ತವೆ, ಉದ್ದದಲ್ಲಿ 79 ಮಿ.ಮೀ. ವ್ಯರ್ಥ. ಎತ್ತರವನ್ನು 100 ಮಿ.ಮೀ.ಗೆ ಇಳಿಸಿದರೆ ಬ್ಲೀಡ್ ಸೇರಿ 96 × 106. ಉದ್ದಕ್ಕೆ ನಾಲ್ಕು ಕೂತು ಒಟ್ಟು 12. ಯಂತ್ರ ಹಿಡಿಯುವ ಅಂಚಿಗೂ ಜಾಗ ಉಳಿಯುತ್ತದೆ. 500 ಲೇಬಲ್‌ಗೆ 56 ಶೀಟ್ ಬೇಕಿದ್ದದ್ದು 42ಕ್ಕೆ ಇಳಿಯಿತು. ಈ ಲೆಕ್ಕವನ್ನು ಡಿಸೈನ್ ಶುರು ಮಾಡುವ ಮೊದಲೇ ಮಾಡಬೇಕು, ಮುಗಿದ ಮೇಲೆ 20 ಮಿ.ಮೀ. ಕತ್ತರಿಸಲು ಆಗದು. ಸೆಮಿಸ್ಟರ್ ಕೊನೆಯ ಮೌಲ್ಯಮಾಪನದಲ್ಲಿ, ಅಂದರೆ ಜ್ಯೂರಿಯಲ್ಲಿ, ಬಣ್ಣದ ಬಗ್ಗೆ ಹತ್ತು ನಿಮಿಷ ಮಾತಾಡುವುದಕ್ಕಿಂತ ಇದೊಂದು ಲೆಕ್ಕ ತೋರಿಸಿದರೆ ಕಲಿತದ್ದು ಸ್ಪಷ್ಟವಾಗಿ ತಿಳಿಯುತ್ತದೆ.

ಈಗ ಬರಹ. ‘ಶುದ್ಧ ಕಾಫಿ ಪುಡಿ’ ಎಂಬ ಮೂರು ಪದಗಳನ್ನು ಭೂತಗನ್ನಡಿ ಹಿಡಿದು ನೋಡಿ. ದ್ಧ ಎಂಬಲ್ಲಿ ಒತ್ತಾಗಿ ಕೂತಿರುವುದು ಮಹಾಪ್ರಾಣ ಧ. ಅದನ್ನು ದ ಇಂದ ಬೇರೆ ಮಾಡುವುದು ಹೊಟ್ಟೆಯ ಕೆಳಗಿನ ಒಂದು ಸೀಳು. ಒತ್ತು ಮೈ ಅಕ್ಷರಕ್ಕಿಂತ ಚಿಕ್ಕದು, ಅದರೊಳಗಿನ ಸೀಳು ಇನ್ನೂ ಚಿಕ್ಕದು. ಫ ಕಥೆಯೂ ಅದೇ: ಸೀಳು ಮುಚ್ಚಿದರೆ ಕಾಫಿ ಹೋಗಿ ಕಾಪಿ ಆಗುತ್ತದೆ. ಕಂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇಟ್ಟಾಗ ಅಕ್ಷರ ಕೆಡುವುದು ಹೆಚ್ಚು. ಕಂದು ಬಣ್ಣ ಎಂದರೆ ಸಯಾನ್ 30, ಮೆಜೆಂಟಾ 60, ಹಳದಿ 80, ಕಪ್ಪು 50, ಹೀಗೆ ನಾಲ್ಕು ಶಾಯಿಗಳ ಬೆರಕೆ. ನಾಲ್ಕೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂತರೆ ಮಾತ್ರ ಬಿಳಿ ಅಕ್ಷರ ಸ್ವಚ್ಛ. ಒಂದು ಶಾಯಿ ಸ್ವಲ್ಪ ಜರುಗಿದರೂ ಅಕ್ಷರದ ತೆಳು ಗೆರೆಗಳಿಗೆ ಆ ಬಣ್ಣ ನುಗ್ಗಿ ಒತ್ತಿನ ಆಕಾರವೇ ಕದಡುತ್ತದೆ. ಕಪ್ಪು ಅಕ್ಷರದಲ್ಲಿ ತೊಂದರೆ ತಿರುಗುಮುರುಗು: ಶಾಯಿ ಹರಡಿ ಸೀಳು ತುಂಬಿಕೊಳ್ಳುತ್ತದೆ. ಹಾಗಾಗಿ ಬಿಳಿ ಅಕ್ಷರಕ್ಕೆ ಒಂದು ಹಂತ ದಪ್ಪ ಫಾಂಟ್, 9 ಪಾಯಿಂಟ್‌ಗಿಂತ ಕಡಿಮೆ ಇಲ್ಲದ ಅಳತೆ. ಸಣ್ಣ ಕಪ್ಪು ಅಕ್ಷರಕ್ಕೆ ಸಾಧಾರಣ ದಪ್ಪ, ಬಣ್ಣ ಕಪ್ಪು 100 ಮಾತ್ರ, ಉಳಿದ ಮೂರು ಸೊನ್ನೆ. ಫೋಟೋಶಾಪ್‌ನ ಆರ್‌ಜಿಬಿ (ಪರದೆಯ ಬಣ್ಣಗಳ) ಕಪ್ಪನ್ನು ಹಾಗೇ ಪರಿವರ್ತಿಸಿದರೆ ನಾಲ್ಕೂ ಶಾಯಿ ಬಂದು ಸಣ್ಣ ಅಕ್ಷರದ ಅಂಚು ಬಣ್ಣಬಣ್ಣವಾಗುತ್ತದೆ. ಈ ಕಾರಣಕ್ಕೇ ಲೇಬಲ್ಲಿನ ಪಠ್ಯವನ್ನು ಫೋಟೋಶಾಪ್‌ನಲ್ಲಿ ಮಾಡಬಾರದು.

ಕ್ರಾಫ್ಟ್ ಎಂಬ ಕಂದು ಕಾಗದದ ಪೌಚ್ ಮೇಲೆ ನೇರ ಮುದ್ರಣವಾದರೆ ಶಾಯಿ ಪಾರದರ್ಶಕ ಎಂಬುದು ನೆನಪಿರಲಿ. ಪರದೆಯಲ್ಲಿ ಬಿಳಿ ಕಂಡದ್ದು ಅಲ್ಲಿ ಕಾಗದದ ಕಂದು. ಹಸಿರು ಕೊಳೆಯಾಗುತ್ತದೆ, ಹಳದಿ ಕಾಣಿಸುವುದೇ ಇಲ್ಲ. ಬಿಳಿ ಬೇಕಾದರೆ ಬಿಳಿ ಶಾಯಿಯನ್ನೇ ಪ್ರತ್ಯೇಕವಾಗಿ ಹಾಕಿಸಬೇಕು. ಗಾಢವಾದ ಒಂದೇ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸುವುದು ಕ್ರಾಫ್ಟ್‌ಗೆ ಹೆಚ್ಚು ಒಪ್ಪುತ್ತದೆ.

ವಿದ್ಯಾರ್ಥಿ ಲೇಬಲ್‌ಗಳಲ್ಲಿ ಕಡ್ಡಾಯ ವಿವರಗಳು ಕೊನೆಗೆ ಮೂಲೆಗೆ ಬೀಳುತ್ತವೆ. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆ, ಸಸ್ಯಾಹಾರ ಎಂದು ತೋರಿಸುವ ಹಸಿರು ಚುಕ್ಕಿ. ಇವನ್ನು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಕೊಡುವುದು ನಿಯಮ. ನಮ್ಮ ಗಿರಾಕಿಗಳಿಗಾಗಿ ಕನ್ನಡವನ್ನೂ ಜೊತೆಗೆ ಕೊಡಬೇಕು. ಅಂದರೆ ಹಿಂಬದಿಗೆ ಎರಡು ಭಾಷೆಯ ಜಾಗ ಮೊದಲೇ ಬೇಕು. ಹಸಿರು ಚುಕ್ಕಿಗೂ ಅಳತೆ ಇದೆ: ಮುಖ್ಯ ಮುಖದ ವಿಸ್ತೀರ್ಣ 100 ಚದರ ಸೆಂ.ಮೀ. ವರೆಗಿದ್ದರೆ ಚುಕ್ಕಿಯ ವ್ಯಾಸ ಕನಿಷ್ಠ 3 ಮಿ.ಮೀ., 100 ದಾಟಿ 500ರವರೆಗೆ 4 ಮಿ.ಮೀ.; ಸುತ್ತಲ ಚೌಕದ ಬದಿ ವ್ಯಾಸದ ಎರಡರಷ್ಟು. ಇಲ್ಲಿ ಲೆಕ್ಕಕ್ಕೆ ಬರುವುದು ಪೌಚಿನ ಮುಖ, ನಮ್ಮ ಸ್ಟಿಕರ್ ಅಲ್ಲ. ಇನ್ನು ಚಿಕೋರಿ ಬೆರೆಸಿದ ಪುಡಿಗೆ ‘ಶುದ್ಧ ಕಾಫಿ’ ಎಂದು ಬರೆಯುವಂತಿಲ್ಲ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಪ್ರತಿಶತದಲ್ಲಿ ಹೇಳಬೇಕು, ಕಾಫಿ 51ಕ್ಕಿಂತ ಕಡಿಮೆ ಇರಬಾರದು. ಲೇಬಲ್ಲಿನ ಮಾತು ಬರೆಯುವ ಮೊದಲೇ ಒಳಗಿರುವುದು ಏನೆಂದು ಕೇಳಿಕೊಳ್ಳಿ.

ಕಾಗದದ ಮೇಲೆ ನೋಡುವುದು

ಪರದೆಯಲ್ಲಿ 400 ಪ್ರತಿಶತ ಹಿಗ್ಗಿಸಿ ನೋಡಿದ ಲೇಬಲ್ ಎಂದೂ ಸಣ್ಣದೆನಿಸುವುದಿಲ್ಲ. ವಾರಕ್ಕೊಮ್ಮೆಯಾದರೂ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ, ಕಪ್ಪುಬಿಳುಪು ಜೆರಾಕ್ಸ್ ಆದರೂ ಸಾಕು. ಆರ್ಟ್‌ಬೋರ್ಡಿನ ಹೊರಗೆ ಸರಿಯಾಗಿ 100 ಮಿ.ಮೀ. ಉದ್ದದ ಗೆರೆ ಎಳೆದಿರಿ. ಪ್ರಿಂಟಿನಲ್ಲಿ ಅದು 96 ಬಂದರೆ ಪ್ರಿಂಟರ್ ‘ಫಿಟ್ ಟು ಪೇಜ್’ ಮಾಡಿ ಕುಗ್ಗಿಸಿದೆ. ‘ಆಕ್ಚುವಲ್ ಸೈಜ್’ ಆರಿಸಿ ಮತ್ತೆ ತೆಗೆಯಿರಿ. ಆಫ್‌ಸೆಟ್‌ಗೆ ಹೋಗುವ ಫೋಟೋ ನಿಜ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು. ದೂರದಿಂದ ನೋಡುವ ಫ್ಲೆಕ್ಸ್‌ಗೆ 72ರಿಂದ 100 ಸಾಕು. ಅಲ್ಲಿ 300 ಇಟ್ಟರೆ ಫೈಲ್ ಭಾರವಾಗುತ್ತದೆಯೇ ಹೊರತು ಮುದ್ರಣ ಉತ್ತಮವಾಗುವುದಿಲ್ಲ.

ಬೋರ್ಡ್, ಪೋಸ್ಟರ್‌ಗಳಿಗೆ 3 ಮೀಟರ್ ದೂರಕ್ಕೆ 25 ಮಿ.ಮೀ. ಅಕ್ಷರ ಎಂಬ ರೂಢಿಯ ಲೆಕ್ಕ ಇಂಗ್ಲಿಷಿನದು. ಕನ್ನಡದಲ್ಲಿ ಆ 25 ಮಿ.ಮೀ. ಮೈ ಅಕ್ಷರದ ಎತ್ತರವಾಗಲಿ, ಒತ್ತು ಅದರ ಹೊರಗೆ. ಹಾಸನದ ಬಿ.ಎಂ. ರಸ್ತೆಯ ಒಂದು ಬದಿ ನಿಂತು ಎದುರು ಬದಿಯ ಹತ್ತು ಬೋರ್ಡ್ ಓದಿ, ಯಾವುದರಲ್ಲಿ ಒತ್ತು ಕರಗಿದೆ ಎಂದು ಬರೆದುಕೊಳ್ಳಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದ ಶೇ. 60 ಭಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ. ಆ ಜಾಗಕ್ಕೆ ಇಂಗ್ಲಿಷ್ ಲೋಗೋವನ್ನು ಹಾಗೇ ಲಿಪ್ಯಂತರ ಮಾಡಿ ಕೂರಿಸಿದರೆ ಸೊಗಸು ಬರದು, ಕನ್ನಡದ ಲೋಗೋವನ್ನೇ ಹೊಸದಾಗಿ ಬಿಡಿಸಬೇಕು.

ಮಳೆಗಾಲದಲ್ಲಿ ಮಲೆನಾಡಿನ ಕಡೆ ಒಂದು ಎಚ್ಚರಿಕೆ ಹೆಚ್ಚು. ಕಾಗದ ತೇವ ಹೀರಿ ತನ್ನ ನಾರಿನ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಒಂದು ಬಣ್ಣ ಹಾಕಿ ಇನ್ನೊಂದು ಹಾಕುವಷ್ಟರಲ್ಲಿ ಅಳತೆ ಬದಲಾಗಿ ಬಣ್ಣ ಜರುಗುತ್ತದೆ. ಜುಲೈನಲ್ಲಿ ಮೂಡಿಗೆರೆಗೋ ಕೊಪ್ಪಕ್ಕೋ ಕೆಲಸ ಮಾಡುವಾಗ ತೆಳು ಬಿಳಿ ಅಕ್ಷರ ಬೇಡ. ಸಾದಾ ಇಂಕ್‌ಜೆಟ್ ಪ್ರಿಂಟನ್ನು ಹೊರಗೆ ಅಂಟಿಸಿದರೆ ಶಾಯಿ ಹರಿದುಹೋಗುತ್ತದೆ, ಲ್ಯಾಮಿನೇಷನ್ ಮಾಡಿಸಿ.

ಪ್ರಗತಿಯ ದಾಖಲೆ

ಫೈಲಿಗೆ ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರು ಇಡಬೇಡಿ. ‘ಲೇಬಲ್-01’, ‘ಲೇಬಲ್-02’ ಎಂದು ಸಂಖ್ಯೆ ಕೊಟ್ಟು ಹಳೆಯದನ್ನು ಅಳಿಸದೆ ಉಳಿಸಿ. ಪ್ರತಿ ಅಸೈನ್‌ಮೆಂಟಿಗೆ ಒಂದು ಎ4 ಹಾಳೆ ಮಾಡಿ: ಮೊದಲ ಪೆನ್ಸಿಲ್ ಸ್ಕೆಚ್, ನಡುವಿನ ಎರಡು ಆವೃತ್ತಿ, ಕೊನೆಯದು, ಪ್ರತಿಯೊಂದರ ಕೆಳಗೆ ಬದಲಾದ ಅಳತೆ ಮತ್ತು ಕಾರಣ. ‘ಲೇಔಟ್ ಸುಧಾರಿಸಿದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ‘ಆವೃತ್ತಿ 2: ಅಕ್ಷರ 9, ಸಾಲು 11, ಶುದ್ಧ ಪದದ ಒತ್ತು ಕೆಳಸಾಲಿಗೆ ತಾಗಿತು. ಆವೃತ್ತಿ 4: ಸಾಲು 14 ಮಾಡಿ ಜಾಗಕ್ಕಾಗಿ ಒಂದು ವಾಕ್ಯ ಬಿಟ್ಟೆ’ ಎಂದು ಬರೆದರೆ ಮುಂದಿನ ಸೆಮಿಸ್ಟರಿನಲ್ಲಿ ನಿಮಗೇ ಉಪಯೋಗಕ್ಕೆ ಬರುತ್ತದೆ. ಕ್ರಿಟ್‌ನಲ್ಲಿ, ಅಂದರೆ ತರಗತಿಯ ವಿಮರ್ಶೆಯಲ್ಲಿ, ಮೇಷ್ಟ್ರು ಹೇಳಿದ್ದನ್ನು ಅವರ ಮಾತಿನಲ್ಲೇ ಅಂದೇ ಬರೆದುಕೊಳ್ಳಿ. ಒಂದೇ ಮಾತು ಮೂರು ಅಸೈನ್‌ಮೆಂಟಿನಲ್ಲಿ ಮರಳಿ ಬಂದಿದ್ದರೆ ರಜೆಯಲ್ಲಿ ಅಭ್ಯಾಸ ಮಾಡಬೇಕಾದದ್ದು ಅದನ್ನೇ.

ಜ್ಯೂರಿಯ ದಿನ ಲ್ಯಾಪ್‌ಟಾಪಿನ ಜೊತೆ ಲೇಬಲ್ ಅಂಟಿಸಿ ಪುಡಿ ತುಂಬಿದ ಪೌಚ್, ಒಂದು ಸ್ಟೀಲ್ ಸ್ಕೇಲ್, ಒತ್ತು ಡಿಕ್ಕಿ ಹೊಡೆದಿದ್ದ ಆ ಹಳೆಯ ಪ್ರಿಂಟ್ ಮೂರನ್ನೂ ಒಯ್ಯಿರಿ. ಹಳೆಯ ಪ್ರಿಂಟ್ ಮತ್ತು ಪೌಚ್ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಲ್ಲಿಂದ ಮಾತು ಶುರು ಮಾಡಿ.